ಅಮ್ಮ ಪಾಸ್ ಮಾಡಿದ ಪಿಟ್ ಬೈಕ್

ಮಾರಿಸ್‌ವಿಲ್, ನಾರ್ತ್ ಕ್ಯಾರೊಲಿನಾ
೧೮ ಮೇ ೧೯೯೭, ಭಾನುವಾರ

ಪ್ರೀತಿಯ ವಸಂತಕ್ಕ,

ನಮಸ್ಕಾರ. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬಂದು, ಕೂತು ಓದು. ನಿನ್ನೆ ನಿನ್ನ ಶ್ರಾವಣಿ ರೇಸ್ ಗೆದ್ದಳು! ಫೋನ್ ಮಾಡಿದ್ದರೆ ನೀನು "ಹೌದೇನೇ!" ಅನ್ನುವಷ್ಟರಲ್ಲಿ ಲೈನ್ ಕಟ್ ಆಗಿರುತ್ತಿತ್ತು. ಇದು ಅಷ್ಟರಲ್ಲಿ ಮುಗಿಸುವ ಸುದ್ದಿಯಲ್ಲ.

ಹೋದ ಅಕ್ಟೋಬರಿನಲ್ಲಿ ಅವಳ ಕತ್ತಿನ ಕೆಳಗಿನ ಮೂಳೆ ಮುರಿದದ್ದು ನಿನಗೆ ಗೊತ್ತೇ ಇದೆ. ಇಲ್ಲಿ ಪಿಟ್ ಬೈಕ್ ಅಂತ ಒಂದಿದೆ. ದೊಡ್ಡ ರೇಸುಗಳಲ್ಲಿ ಸಾಮಾನು ತರಲು, ಅತ್ತಿತ್ತ ಓಡಾಡಲು ಇಟ್ಟುಕೊಂಡಿದ್ದ ಗಿಡ್ಡ ಮೋಟಾರ್ ಸೈಕಲ್. ಈಗ ಮಕ್ಕಳು ಅದನ್ನೇ ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುತ್ತಾರೆ. ಅವತ್ತು ಇವಳು ಗೆಳತಿಯ ಬೈಕ್ ಹತ್ತಿದ್ದಳು. ಆಕ್ಸಿಲರೇಟರ್ ತಿರುಗಿಸಿದ್ದು ವಾಪಸ್ ಬರಲೇ ಇಲ್ಲ. ಬೈಕ್ ತಿರುವಿನಲ್ಲಿ ತಿರುಗದೆ ನೇರ ಹೋಗಿ ಟ್ರ್ಯಾಕಿನ ಬೇಲಿಗೆ ಗುದ್ದಿತು. ಮೂಳೆ ಕೂಡಿದ ಮೇಲೂ ಹುಡುಗಿಗೆ ಅದೇ ಧ್ಯಾನ. ಇವರು ಮಾತ್ರ ಖಡಾಖಂಡಿತವಾಗಿ ಬೇಡ ಎಂದರು. ಮನೆಯಲ್ಲಿ ಚಳಿಗಾಲವಿಡೀ ಅಪ್ಪ-ಮಗಳ ನಡುವೆ ಮಾತಿಲ್ಲ. "ಉಪ್ಪಿನಕಾಯಿ ಬೇಕಾ ಕೇಳು" ಎಂದು ಇಬ್ಬರೂ ನನ್ನ ಮೂಲಕವೇ ಕೇಳಿಸುತ್ತಿದ್ದರು.

ಮಾರ್ಚಿನಲ್ಲಿ ಒಂದು ಸಂಜೆ ಶ್ರಾವಣಿ ತಟ್ಟೆ ಬದಿಗಿಟ್ಟು ಅಪ್ಪನನ್ನೇ ನೋಡುತ್ತಾ, "ಅಮ್ಮ ಚೆಕ್ ಮಾಡಿದ್ರೆ? ಶಿ ಯೂಸ್ಡ್ ಟು ಡು ಇಟ್, ಅಪ್ಪ," ಎಂದಳು.

ಅಕ್ಕ, ಮೈಸೂರಿನಲ್ಲಿ ಮೊಪೆಡ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ನಾನು ಕೆಲಸ ಮಾಡಿದ್ದರ ಬಗ್ಗೆ ಈ ದೇಶದಲ್ಲಿ ಯಾರೂ ಒಮ್ಮೆಯೂ ಕೇಳಿರಲಿಲ್ಲ. ಹೆಂಡತಿಯರಿಗೆ ಕೊಡುವ ಈ ವೀಸಾದಲ್ಲಿ ನಾನು ಕೆಲಸ ಮಾಡುವ ಹಾಗೂ ಇಲ್ಲ. ಇಲ್ಲಿಯವರಿಗೆ ನಾನು ಹರಿಪ್ರಸಾದರ ಹೆಂಡತಿ, ಬಿಸಿಬೇಳೆ ಬಾತ್ ಚೆನ್ನಾಗಿ ಮಾಡುವ ಮೈಥಿಲಿ ಆಂಟಿ, ಅಷ್ಟೇ. ಇವರು ನನ್ನ ಕಡೆ ತಿರುಗಿ, "ಅಮ್ಮ ಪಾಸ್ ಮಾಡಿದ್ರೆ ಸರಿ. ಇಲ್ಲ ಅಂದ್ರೆ ಇಲ್ಲ," ಎಂದರು. ಮತ್ತೆ ಏನಾದರೂ ಆದರೆ ಅದು ನನ್ನ ತಲೆಯ ಮೇಲೆಯೇ ತಾನೆ?

ಪೇಪರಿನಲ್ಲಿ ಜಾಹೀರಾತು ನೋಡಿ ಮೊದಲು ಹೋದದ್ದು ಷಾರ್ಲೆಟ್ ಹತ್ತಿರದ ಒಂದು ಮನೆಗೆ. ಕೆಂಪು ಬೈಕು, ಹೊಸ ಸ್ಟಿಕ್ಕರು, ಮದುವಣಗಿತ್ತಿಯ ಹಾಗೆ ನಿಂತಿತ್ತು. ಶ್ರಾವಣಿ ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದಳು. ನಾನು ಎಂಜಿನ್ ಹತ್ತಿರ ಕೈ ಹಿಡಿದೆ. ಬಿಸಿ! ನಾವು ಬರುವ ಮೊದಲೇ ಯಾಕೆ ಸ್ಟಾರ್ಟ್ ಮಾಡಿಟ್ಟಿದ್ದಾರೆ? ಬಿಸಿ ಇದ್ದರೆ ಎಂಥ ಎಂಜಿನ್ನೂ ಸ್ಟಾರ್ಟ್ ಆಗುತ್ತದೆ. ನಿಜ ಹೇಳುವುದು ತಣ್ಣಗಿರುವಾಗಲೇ. ಆರುವವರೆಗೆ ಕಾಯುತ್ತೇವೆ ಎಂದೆ. ಮಾರುವವನು ಇವರ ಕಡೆ ನೋಡಿ ನಕ್ಕ. ಇವರು ನಗಲಿಲ್ಲ. ಹುಲ್ಲಿನ ಮೇಲೆ ಕೂತು ಕೋಡುಬಳೆ ತಿಂದೆವು.

ಆರಿದ ಮೇಲೆ ಅವನು ಕಿಕ್ ಹೊಡೆದ, ಹೊಡೆದ, ಬೆವರಿದ. ಕೊನೆಗೂ ಸ್ಟಾರ್ಟ್ ಆದಾಗ ನೀಲಿ ಹೊಗೆ ಬಂತು, ನಿಲ್ಲಲೇ ಇಲ್ಲ. ಅಂದರೆ ಒಳಗೆ ಎಣ್ಣೆ ಉರಿಯುತ್ತಿದೆ. ಅದಕ್ಕಾದರೂ ಔಷಧಿ ಇದೆ ಅನ್ನು. ಆದರೆ ಹ್ಯಾಂಡಲಿನ ಬುಡದಲ್ಲಿ ಬಣ್ಣ ದಪ್ಪಗಿತ್ತು. ಉಗುರಿನಿಂದ ಸವರಿ ನೋಡಿದೆ, ಕೆಳಗೆ ವೆಲ್ಡಿಂಗಿನ ಗಂಟು. ಫ್ರೇಮ್ ಮುರಿದು ಬೆಸೆದದ್ದು, ಅದಕ್ಕೆ ಔಷಧಿಯಿಲ್ಲ.

"ಫೇಲ್," ಎಂದೆ.

"ಅಮ್ಮಾ, ಪ್ಲೀಸ್! ಇಟ್ಸ್ ಪರ್ಫೆಕ್ಟ್!" ಶ್ರಾವಣಿ ಅಲ್ಲೇ ಅಳತೊಡಗಿದಳು. ಇವರೂ ಮೆತ್ತಗಾಗಿ, "ರಿಪೇರಿ ಮಾಡಿಸೋಕಾಗಲ್ವಾ ಮೈಥಿಲಿ?" ಎಂದರು. ಮನಸ್ಸು ಕಲ್ಲು ಮಾಡಿಕೊಂಡು ಕಾರು ಹತ್ತಿದೆ. ಈ ಸಲ ಇಬ್ಬರಿಗೂ ನನ್ನ ಮೇಲೇ ಮುನಿಸು.

ಏಪ್ರಿಲಿನಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಇನ್ನೊಂದು ಸಿಕ್ಕಿತು. ಮಾರುವವರು ಒಬ್ಬ ಅಜ್ಜಿ. ಮೊಮ್ಮಗಳು ಬೆಳೆದು ಕಾಲೇಜಿಗೆ ಹೋಗಿದ್ದಳಂತೆ. ಬೈಕಿನ ಸೀಟು ಹರಿದು ಟೇಪು ಸುತ್ತಿತ್ತು, ಮಡ್‌ಗಾರ್ಡ್ ಸೀಳಿತ್ತು. ಶ್ರಾವಣಿಯ ಮುಖ ಸಣ್ಣಗಾಯಿತು. ನಾನು ಎಂಜಿನ್ ಮುಟ್ಟಿದೆ. ತಣ್ಣಗಿತ್ತು. ಎರಡನೇ ಕಿಕ್‌ಗೆ ಎದ್ದಿತು. ಹೊಗೆ ಇಲ್ಲ, ಒಳಗೆ ಕಟಕಟ ಇಲ್ಲ. ಚಕ್ರ ಹಿಡಿದು ಅಲ್ಲಾಡಿಸಿದೆ, ಬೇರಿಂಗ್ ಬಿಗಿ. ಫ್ರೇಮಿಗೆ ಕಾರ್ಖಾನೆಯ ಬಣ್ಣವೇ. ಆಮೇಲೆ ಹ್ಯಾಂಡಲನ್ನು ಪೂರ್ತಿ ಒಂದು ಕಡೆ ತಿರುಗಿಸಿ, ಆಕ್ಸಿಲರೇಟರ್ ಕೊಟ್ಟು ಕೈ ಬಿಟ್ಟೆ. ಟಪ್ ಅಂತ ವಾಪಸ್. ಇನ್ನೊಂದು ಕಡೆ ತಿರುಗಿಸಿದರೂ ಟಪ್! ಶ್ರಾವಣಿಯನ್ನು ಕರೆದು ಅವಳ ಕೈಯಿಂದಲೇ ಮಾಡಿಸಿದೆ. ಮೊದಲ ಸಲ ತುದಿಬೆರಳಿನಿಂದಷ್ಟೇ ತಿರುಗಿಸಿದಳು. ಆಮೇಲೆ ಅವಳಾಗಿಯೇ ಮತ್ತೆ ಮತ್ತೆ ಮಾಡಿದಳು.

ಚೈನು ಜೋತಿತ್ತು, ಬ್ರೇಕ್ ಸವೆದಿತ್ತು. ಅವೆಲ್ಲ ಬದಲಾಯಿಸುವಂಥವು. ಆದರೆ ಮೇಲೆ ಜನ ಕೂತಾಗ ಎಂಜಿನ್ ಹೇಗಿರುತ್ತದೆ ಎಂದು ನಿಂತಲ್ಲೇ ತಿಳಿಯುವುದಿಲ್ಲ. ಇವರಿಗೆ ಓಡಿಸಲು ಬಾರದು. ಮಗಳನ್ನು ಹತ್ತಿಸಲು ನನಗೆ ಇನ್ನೂ ಧೈರ್ಯವಿಲ್ಲ. ದುಪಟ್ಟಾ ಇವರ ಕೈಗೆ ಕೊಟ್ಟು, ಅಜ್ಜಿಯ ಮೊಮ್ಮಗಳ ಹೆಲ್ಮೆಟ್ ಹಾಕಿಕೊಂಡು ಕಾರ್ಖಾನೆಯಲ್ಲಿ ಓಡಿಸಿ ನೋಡುತ್ತಿದ್ದ ಹಾಗೆ ನಾನೇ ಕೂತೆ.

ಮಂಡಿ ಕಿವಿಯವರೆಗೆ ಬಂದಿತ್ತು ಅಕ್ಕ! ಹೊಲದ ಕೆಂಪು ಮಣ್ಣಿನ ಮೇಲೆ ಗೇರು ಬದಲಿಸುತ್ತಾ ಏರು ಹತ್ತಿಸಿದೆ. ಆ ಪುಟ್ಟ ಎಂಜಿನ್ ಒಂದು ಕ್ಷಣವೂ ಮುಗ್ಗರಿಸಲಿಲ್ಲ. ದಿಬ್ಬದ ಮೇಲೆ ಯಾರೂ ಕಾಣದ ಕಡೆ ಜೋರಾಗಿ ಕೂಗಿಬಿಟ್ಟೆ. ಏನು ಕೂಗಿದೆನೋ ಗೊತ್ತಿಲ್ಲ. ಮುಖಕ್ಕೆಲ್ಲ ಮಣ್ಣು ಮೆತ್ತಿಕೊಂಡು ಕೆಳಗಿಳಿದು ಬಂದು, "ಪಾಸ್!" ಎಂದೆ. ಅಜ್ಜಿ ಚಪ್ಪಾಳೆ ತಟ್ಟಿದರು. ಶ್ರಾವಣಿ ನನ್ನನ್ನು ಅಪ್ಪಿಕೊಂಡದ್ದು ಹೇಗೆಂದರೆ, ಮೂಳೆ ಚೆನ್ನಾಗಿ ಕೂಡಿದೆ ಎಂದು ಅವತ್ತೇ ಖಾತ್ರಿಯಾಯಿತು.

ಇನ್ನು ನಿನ್ನೆಯದು. ಹಿಂದಿನ ದಿನ ಮಳೆ ಬಂದು ಟ್ರ್ಯಾಕೆಲ್ಲ ರಾಡಿ. ಅಕ್ಟೋಬರಿನಲ್ಲಿ ಬೇಲಿಗೆ ಗುದ್ದಿದ್ದ ಅದೇ ತಿರುವು ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಕಿವಿ ಮಾತ್ರ ತೆರೆದಿತ್ತು. ಎಂಜಿನ್ ಸದ್ದು ತಗ್ಗಿತು, ಅಂದರೆ ಆಕ್ಸಿಲರೇಟರ್ ಬಿಟ್ಟಳು. ಮತ್ತೆ ಏರಿತು, ಅಂದರೆ ತಿರುವು ದಾಟಿದಳು! ಕೊನೆಯ ಸುತ್ತಿನಲ್ಲಿ ಮುಂದಿದ್ದ ಹುಡುಗಿಯ ಬೈಕು ಕೆಸರಿನಲ್ಲಿ ಹೂತು ನಿಂತಿತು. ನಮ್ಮವಳದು ಗುರ್ರೆನ್ನುತ್ತಾ ಪಕ್ಕದಲ್ಲೇ ದಾಟಿ ಮೊದಲು ಬಂತು. ಮೈಕಿನವರು ಅವಳ ಹೆಸರನ್ನು ಏನೇನೋ ಮಾಡಿ ಕೂಗಿದರು. ಯಾವತ್ತೂ ದನಿ ಏರಿಸದ ಇವರು ಬೇಲಿ ಹತ್ತಿ ನಿಂತು, "ಶ್ರಾವಣಿ! ಶ್ರಾ-ವ-ಣಿ!" ಎಂದು ತಿದ್ದುತ್ತಿದ್ದರು. ಸಂಜೆ ಬೇರೆ ಮಕ್ಕಳ ಇಬ್ಬರು ತಂದೆಯರು ಶ್ರಾವಣಿಯಿಂದ ವಿಷಯ ತಿಳಿದು ಬಂದು, ತಾವು ಕೊಳ್ಳಬೇಕೆಂದಿರುವ ಬೈಕನ್ನು ಒಮ್ಮೆ ನೋಡಿಕೊಡುತ್ತೀರಾ ಎಂದು ಕೇಳಿದರು. ಇವರನ್ನಲ್ಲ ಅಕ್ಕ, ನನ್ನನ್ನು.

ಭಾವನಿಗೆ ನಮಸ್ಕಾರ ತಿಳಿಸು. ಉಗುರು ಸಂದಿಯ ಗ್ರೀಸು ಇನ್ನೂ ಹೋಗಿಲ್ಲ. ಕಾಗದದ ಅಂಚಿನಲ್ಲಿ ಕಪ್ಪು ಕಂಡರೆ ಬೈಯಬೇಡ.

ಎಂದೆಂದೂ ನಿನ್ನ ತಂಗಿ,
ಮೈಥಿಲಿ

ತಾ.ಕ.: ಜೂನ್‌ನಲ್ಲಿ ಅದೇ ಟ್ರ್ಯಾಕಿನಲ್ಲಿ ಅಮ್ಮಂದಿರಿಗೆ ಅಂತಲೇ ಒಂದು ಓಟ ಇದೆಯಂತೆ. ನಿನ್ನೆ ಹೆಸರು ಬರೆಸಿ ಬಂದೆ. ಇವರಿಗೆ ಇನ್ನೂ ಹೇಳಿಲ್ಲ. ಶ್ರಾವಣಿಗೆ ಗೊತ್ತು. ಬೆಳಿಗ್ಗೆಯಿಂದ ನನಗೆ ತಿರುವು ತೆಗೆದುಕೊಳ್ಳುವುದನ್ನು ಕಲಿಸುತ್ತಿದ್ದಾಳೆ, ಅದೂ ಕನ್ನಡದಲ್ಲಿ!