ನೀನು ಇಳಿಸುತ್ತಿದ್ದ ಗಾಜು

ನಮ್ಮ ಹಳೆಯ ಕಾರಿನಲ್ಲಿ ಪೆಟ್ರೋಲ್ ಆವಿ ಸೋರುತ್ತಿರುವುದು ಇಂದು ಬೆಳಿಗ್ಗೆ ಹನ್ನೊಂದಕ್ಕೆ ಖಚಿತವಾಯಿತು. ಹೇಳಿದವನು ಗ್ಯಾರೇಜಿನ ಮೆಕ್ಯಾನಿಕ್. ಸೋರುವ ಜಾಗ ಹುಡುಕಲು ಟ್ಯಾಂಕಿಗೆ ಯಂತ್ರದಿಂದ ಹೊಗೆ ಊದಿದಾಗ, ಹಿಂದಿನ ಸೀಟಿನ ಕೆಳಗಿನ ರಬ್ಬರ್ ಪೈಪಿನಿಂದ ಅದು ಎಳೆಯಾಗಿ ಹೊರಬಂತು. ಪೈಪು ಬಿರುಕು ಬಿಟ್ಟು ಎರಡು ವರ್ಷವಾದರೂ ಆಗಿರಬೇಕಂತೆ.

"ಬಾಗಿಲು ತೆಗೆದ್ರೆ ಪೆಟ್ರೋಲ್ ಬಂಕಿಗೆ ಬಂದ ಹಾಗಿದೆ ಸಾರ್. ನಿಮ್ಮ ಮೂಗೇನು ರಜೆ ಹಾಕಿದೆಯಾ?" ಎಂದು ನಕ್ಕ.

ಮೂರು ವರ್ಷದ ಹಿಂದೆ ಬಂದ ಜ್ವರದ ನಂತರ ನನಗೆ ಯಾವ ವಾಸನೆಯೂ ತಿಳಿಯುವುದಿಲ್ಲ ಎಂದೆ.

"ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?"

ನಿನಗೆ ಗೊತ್ತಾಗಿತ್ತು. "ರೀ, ಪೆಟ್ರೋಲ್ ವಾಸನೆ ಕಣ್ರೀ, ತಲೆ ಸಿಡೀತಿದೆ" ಎಂದು ಎಷ್ಟು ಸಲ ಹೇಳಿದೆ. "ನಿಂದೊಂದು ಮೂಗು!" ಎಂದು ನಾನು ನಗುತ್ತಿದ್ದೆ. ಆಮೇಲೆ ನೀನು ಹೇಳುವುದನ್ನೇ ಬಿಟ್ಟೆ. ಕೂತ ಕೂಡಲೇ ಗಾಜು ಇಳಿಸುತ್ತಿದ್ದೆ. ನೀನು ಹಿಂತಿರುಗಿ ಬಾರದ ಆ ಆಸ್ಪತ್ರೆಯ ದಾರಿಯಲ್ಲೂ ಇಳಿಸಿದೆ. ಥಂಡಿಯಾಗುತ್ತದೆಂದು ನಾನೇ ಕೈಚಾಚಿ ಏರಿಸಿದೆ. ನೀನು ಸೆರಗಿನಿಂದ ಮೂಗು ಮುಚ್ಚಿಕೊಂಡೆ.

ಹೊಸ ಪೈಪು ಹಾಕಿ ಗುರುವಾರ ಮತ್ತೊಮ್ಮೆ ಹೊಗೆ ಊದಿ ನೋಡುತ್ತಾನಂತೆ. ಬರುವಾಗ ವಾಸನೆ ತಿಳಿಯುವ ಒಬ್ಬರನ್ನು ಮನೆಯಿಂದ ಕರೆತನ್ನಿ ಎಂದಿದ್ದಾನೆ.

ಗುರುವಾರ ಹತ್ತು ಗಂಟೆಗೆ ನಾನೊಬ್ಬನೇ ಹೋಗುತ್ತೇನೆ.