ದೋಣಿ ಗಾಡಿಯ ಕಡಾಣಿ

ಗುಂಡ್ಲುಪೇಟೆ
೧೯-೯-೧೯೯೭, ಶುಕ್ರವಾರ

ರಂಜುವಿನ ಅಪ್ಪನಿಗೆ ಶಾಂತಮಲ್ಲಮ್ಮ ಮಾಡುವ ನಮಸ್ಕಾರಗಳು.

ನೀವು ಅಲ್ಲಿ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಮಂಗಳೂರಿನ ಕುಚ್ಚಲಕ್ಕಿ ಅನ್ನ ಈಗಲಾದರೂ ಹೊಟ್ಟೆಗೆ ಒಗ್ಗಿತೇ? ದೋಣಿ ಎಂಜಿನ್ ಕೆಲಸ ಕಲಿಯುವ ಕಡೆಯ ಹೊಗೆಗೆ ಕೆಮ್ಮು ತಿರುಗಿಲ್ಲ ತಾನೇ? ನಿಮ್ಮ ಹಿಂದಿನ ಕಾಗದದಲ್ಲಿ ಬೆರಳು ಕೊಯ್ದುಕೊಂಡ ವಿಷಯ ಒಂದೇ ಸಾಲಿನಲ್ಲಿತ್ತು. ಒಂದೇ ಸಾಲಿನಲ್ಲಿ ಬರೆದಿದ್ದೀರೆಂದರೆ ಗಾಯ ದೊಡ್ಡದೇ ಇರಬೇಕು. ಎಣ್ಣೆ ಕೈಯಲ್ಲಿ ಕಟ್ಟು ಬಿಚ್ಚಬೇಡಿ. ಇಲ್ಲಿ ರಂಜು ಚೆನ್ನಾಗಿದ್ದಾಳೆ, ಮೇಲಿನ ಹಲ್ಲು ಒಂದು ಬಿದ್ದಿದೆ, ಅಪ್ಪನಿಗೆ ಕಳಿಸು ಎಂದು ಹಟ ಹಿಡಿದಿದ್ದಳು. ಮೇಕೆ ಗಬ್ಬವಾಗಿದೆ. ಮಾವನವರ ಮೊಣಕೈ ತರಚಿದ್ದು ಒಣಗುತ್ತಿದೆ. ಅದು ಏಕೆ ತರಚಿತು ಎಂದು ಬರೆಯಬೇಕು. ಅವರು ಬರೆಯಬೇಡ ಅಂದಿದ್ದಾರೆ. "ಪರಸ್ಥಳದಲ್ಲಿರೋನ್ಗೆ ಇಲ್ದಿದ್ ಯೋಚ್ನೆ ಅಂಟುಸ್ಬ್ಯಾಡ ಕಣವ್ವ" ಎಂದರು. ನಾನು ಆಗಲಿ ಎಂದೂ ಅನ್ನಲಿಲ್ಲ, ಆಗದು ಎಂದೂ ಅನ್ನಲಿಲ್ಲ.

ಹೋದ ಭಾನುವಾರ ಸುವರ್ಣಾವತಿ ಅಣೆಕಟ್ಟಿನಲ್ಲಿ ಮೀನು ಹಿಡಿದು ದೋಣಿ ವಾಪಸು ಬರುವಾಗ, ತೆರಕಣಾಂಬಿಗೆ ಮುಂಚಿನ ಇಳಿಜಾರಿನಲ್ಲಿ ದೋಣಿ ಹೊತ್ತ ಟ್ರೈಲರ್ ಜೀಪಿನಿಂದ ಕಳಚಿಕೊಂಡಿತು. ದೋಣಿಯೊಳಗೆ ಮಾವನವರು ಮತ್ತು ರಂಜು ಕುಳಿತಿದ್ದರು. ಇಬ್ಬರೂ ಕ್ಷೇಮವಾಗಿದ್ದಾರೆ; ಈ ಮಾತನ್ನು ಇನ್ನೊಮ್ಮೆ ಓದಿಕೊಂಡು ಆಮೇಲೆ ಮುಂದೆ ಓದಿ. ಜೀಪಿನ ಕೊಂಡಿಯನ್ನೂ ಟ್ರೈಲರ್ ಮೂತಿಯ ಬಳೆಯನ್ನೂ ಸೇರಿಸಿ ಮೇಲಿನಿಂದ ಇಳಿಬಿಡುತ್ತಿದ್ದ ನಿಮ್ಮ ಪಿನ್ನು, ನೀವು ಹೊರಟ ವಾರದಲ್ಲೇ ಅಣೆಕಟ್ಟಿನ ಹತ್ತಿರ ಎಲ್ಲೋ ಬಿದ್ದುಹೋಯಿತು. ಆ ಜಾಗಕ್ಕೆ ಮಾವನವರು ದೇವರ ಗೂಡಿನಲ್ಲಿದ್ದ ಕಡಾಣಿಯನ್ನು ತಂದು ಹಾಕಿದರು. ನಿಮ್ಮ ಅಜ್ಜನ ಎತ್ತಿನ ಗಾಡಿಯ ಚಕ್ರ ಅಚ್ಚಿನಿಂದ ಜಾರದ ಹಾಗೆ ತಡೆದಿದ್ದ ಕಡಾಣಿ ಅದು, ಆಯುಧಪೂಜೆಯ ದಿನ ನಾವು ಮೊದಲು ಅರಿಶಿನ ಕುಂಕುಮ ಇಡುವುದು ಅದಕ್ಕೇ. ತೂತಿಗೆ ಇಳಿಸುವಾಗ ವಿಭೂತಿ ಬಳಿದು, ಅರಿಶಿನದ ದಾರ ಸುತ್ತಿ ಕಣ್ಣಿಗೆ ಒತ್ತಿಕೊಂಡರು. ಗಾಡಿಯ ಅಚ್ಚಿನಲ್ಲಿ ಕಡಾಣಿ ತನ್ನ ಭಾರಕ್ಕೆ ತಾನೇ ಕೂತಿರುತ್ತದೆ, ಎತ್ತುಗಳ ನಡಿಗೆಗೆ ಅಷ್ಟು ಸಾಕು. ಜೀಪಿನ ಹಿಂದೆ ಹಾಗಲ್ಲ. ಪ್ರತಿ ಹಳ್ಳಕ್ಕೂ ಬಳೆ ಮೇಲೆ ನೆಗೆಯುತ್ತದೆ, ನೆಗೆದಾಗಲೆಲ್ಲ ಕಡಾಣಿ ಒಂದಿಷ್ಟು ಮೇಲೆ ಬರುತ್ತದೆ. ಅದನ್ನು ಕೆಳಗಿನಿಂದ ಹಿಡಿದುಕೊಳ್ಳುವಂಥದ್ದು ಏನೂ ಇಲ್ಲ, ದಾರದ ಹೊರತು.

ಇಬ್ಬರೂ ದೋಣಿಯ ಹಿಂಭಾಗದಲ್ಲಿ ಕೂತಿದ್ದರಿಂದ ಟ್ರೈಲರಿನ ಮೂತಿ ನೆಲಕ್ಕೆ ಊರದೆ, ಎತ್ತಿಕೊಂಡೇ ಓಡಿತಂತೆ. ಎದುರಿನಿಂದ ಬಂದ ಬಸ್ಸು ಆಗಷ್ಟೇ ದಾಟಿ ಹೋಗಿತ್ತು. ರಸ್ತೆ ರಿಪೇರಿಗೆ ಸುರಿದಿದ್ದ ಜಲ್ಲಿ ರಾಶಿಗೆ ಹೋಗಿ ನುಗ್ಗಿ ನಿಂತಿತು. ಮಾವನವರು ಮಗುವನ್ನು ಎದೆಗೆ ಅವುಚಿಕೊಂಡು ತಾವು ಅಡಿಯಾದರು, ಮೊಣಕೈ ತರಚಿದ್ದು ಆಗಲೇ. ಇದನ್ನು ನನಗೆ ಯಾರೂ ಹೇಳಲಿಲ್ಲ. ಮರುದಿನ ತಲೆ ಬಾಚಿಸಿಕೊಳ್ಳುತ್ತಾ ರಂಜು, "ಅಮ್ಮಾ, ನಿನ್ನೆ ಜೀಪು ಅದರ ಪಾಡ್ಗೆ ಓಯ್ತು, ನಾವು ನಮ್ಮ ಪಾಡ್ಗೆ ಓದೊ" ಎಂದಳು. ಆಟದ ಸುದ್ದಿ ಹೇಳುವ ಹಾಗೆ ಹೇಳಿದಳು. ಮಾವನವರನ್ನು ಕೇಳಿದೆ. ಅವರು ನಕ್ಕರು. ಡ್ರೈವರ್ ರಾಜಣ್ಣ ಹಿಂದಕ್ಕೆ ನಡೆದು ಹೋಗಿ ರಸ್ತೆಯಲ್ಲಿ ಬಿದ್ದಿದ್ದ ಕಡಾಣಿಯನ್ನು ಹುಡುಕಿ ತಂದನಂತೆ. ಮಾವನವರು ಅದನ್ನು ಪಂಚೆಯಲ್ಲಿ ಒರೆಸಿ, ಅದೇ ತೂತಿಗೆ ಅದನ್ನೇ ಇಳಿಸಿ, ಮಗುವನ್ನು ಮತ್ತೆ ದೋಣಿಗೆ ಹತ್ತಿಸಿಕೊಂಡು ಮನೆಗೆ ಬಂದರಂತೆ. "ನಮ್ಮಪ್ಪನ ಕಡಾಣಿ ಕಾಪಾಡ್ತು ಕಣವ್ವ. ಬ್ಯಾರೆ ಕಬ್ಣ ಆಗಿದ್ರೆ ಎಲ್ರೂ ನೆಗ್ದ್ ಬಿದ್ದೋಯ್ತಿದ್ವಿ" ಎಂದರು. ಬಿದ್ದದ್ದೇ ಆ ಕಡಾಣಿ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಅವರ ಮೊಣಕೈ ಕಾಣುತ್ತಿತ್ತು.

ಬುಧವಾರ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋದೆ. ಜಿಲ್ಲೆ ಆದ ಮೇಲೆ ಅಲ್ಲಿ ಬೋರ್ಡುಗಳಿಗೆಲ್ಲ ಹೊಸ ಬಣ್ಣ ಬಂದಿದೆ, ಬಸ್ ಸ್ಟ್ಯಾಂಡಿನ ಕೆಸರು ಮಾತ್ರ ಹಾಗೇ ಇದೆ. ಹೊರಡುವ ಮುಂಚೆ ಜೀಪಿನ ಕೊಂಡಿಯ ತೂತಿಗೂ ಟ್ರೈಲರ್ ಬಳೆಗೂ ಕಾಗದ ಸುರುಳಿ ಸುತ್ತಿ ತೂರಿಸಿ ಅಳತೆ ತೆಗೆದುಕೊಂಡಿದ್ದೆ. ಉದ್ದಕ್ಕೆ ಒಂದು ದಾರ. ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಕುಮಾರಸ್ವಾಮಿ ಎನ್ನುವವರು ನನ್ನ ಕಾಗದದ ಸುರುಳಿ ನೋಡಿ, "ಏನಕ್ಕಾ, ಬಳೆ ಅಂಗಡಿಗೆ ಓಗ್ಬೇಕಾದೋರು ಇಲ್ಲಿಗೆ ಬಂದ್ಬುಟ್ರಾ?" ಎಂದರು. ದೋಣಿ ಟ್ರೈಲರಿಗೆ ಎಂದಾಗ ಇನ್ನೂ ಖುಷಿಯಾದರು. "ದೋಣಿಗೂ ಚಕ್ರ ಬಂತಾ! ಇನ್ನೇನು, ನಮ್ ಟ್ರ್ಯಾಕ್ಟರಿಗೆ ಹುಟ್ಟು ತರ್ಸೋದೇ." ನಗಲಿ ಎಂದು ಬಿಟ್ಟೆ. ನೀವಿದ್ದಿದ್ದರೆ ಅವರ ಜೊತೆ ಕೂತು ಟೀ ಕುಡಿದು ಅರ್ಧ ದಿನ ಕಳೆಯುತ್ತಿದ್ದಿರಿ.

ಮೊದಲು ತೋರಿಸಿದ ಪಿನ್ನು ಟ್ರ್ಯಾಕ್ಟರಿನದು, ದಪ್ಪ. ಜೀಪಿನ ಕೊಂಡಿಗೆ ಇಳಿಯುವುದಿಲ್ಲ. ಎರಡನೆಯದು ಸಣ್ಣದು, ಕಾಗದದ ಸುರುಳಿಯೊಳಗೆ ಹಾಕಿ ಅಲ್ಲಾಡಿಸಿದರೆ ಲೊಡಲೊಡ ಎಂದಿತು. "ಒಸಿ ಸಡ್ಲ ಇದ್ರೆ ಏನಾದ್ದು, ಸುಲಭ್ವಾಗಿ ಆಚೀಚೆ ತಿರುಗ್ತದೆ" ಎಂದರು. ನಾನು ಬೇಡ ಎಂದೆ. ಒಳಗಿನ ಗೋಣಿಚೀಲ ಸುರಿಸಿದೆ. ಕೊನೆಗೆ ಅಳತೆಗೆ ಸರಿಯಾಗಿ ಒಂದು ಸಿಕ್ಕಿತು. ತಲೆ ಅಗಲ, ತುದಿಯಲ್ಲಿ ತೂತು, ಆ ತೂತಿಗೆ ಕಚ್ಚಿಕೊಳ್ಳುವ ಕ್ಲಿಪ್ಪು. ಎಷ್ಟು ನೆಗೆದರೂ ಮೇಲೆ ಬರಲಾರದು. ನೀವು ಹೇಳುತ್ತಿದ್ದಿರಲ್ಲ, ಪಿನ್ನಿನ ಬಲ ತಲೆಯಲ್ಲಲ್ಲ, ಬುಡದಲ್ಲಿ ಎಂದು. ಜೊತೆಗೆ ಸರಪಳಿ ತೆಗೆದುಕೊಂಡೆ, ಪಿನ್ನು ಕೈಕೊಟ್ಟರೂ ಟ್ರೈಲರ್ ಜೀಪನ್ನು ಬಿಡದಿರಲಿ ಎಂದು. ಹೊಳೆಯುವ ಸರಪಳಿಯನ್ನು ಮುಂದಿಟ್ಟರು, ಅದು ಗೇಟಿಗೆ ಹಾಕುವಂಥದ್ದು. ಭಾರ ಎಳೆಯುವ ಕಪ್ಪು ಸರಪಳಿಯನ್ನೇ ಕೇಳಿ ಪಡೆದೆ. ದೋಣಿಯ ತಳ ಕೂರುವ ರಬ್ಬರ್ ರೋಲರ್ ಸೀಳಿತ್ತು, ಅದನ್ನೂ, ದೋಣಿಯನ್ನು ಬಿಗಿಯುವ ಪಟ್ಟಿಯನ್ನೂ, ಹಿಂದಕ್ಕೆ ಹಾಕುವ ಕೆಂಪು ರಿಫ್ಲೆಕ್ಟರುಗಳನ್ನೂ ತಂದೆ. ಎಡಗಡೆ ಚಕ್ರದ ಬೇರಿಂಗಿಗೆ ಹೊಸ ಗ್ರೀಸು ಹಾಕಿಸಬೇಕು, ಅದು ನೀವು ಬಂದ ಮೇಲೆ.

ಮಾವನವರು ಎಲ್ಲವನ್ನೂ ಜಗುಲಿಯ ಮೇಲೆ ಹರಡಿಕೊಂಡು ನೋಡಿದರು. ರೋಲರ್ ಉರುಳಿಸಿ "ಇದು ಚೆಂದಾಗದೆ" ಎಂದರು. ರಿಫ್ಲೆಕ್ಟರುಗಳನ್ನು ತಾವೇ ಕೂರಿಸಿದರು, ರಂಜು ಟಾರ್ಚು ಬಿಟ್ಟು ಬಿಟ್ಟು ನೋಡಿದಳು. ಸರಪಳಿಗೆ "ಎತ್ತಿಗೆ ಮೂಗುದಾರ ಹಾಕ್ದಂಗಾಯ್ತು, ಆಗ್ಲಿ" ಎಂದರು. ಪಿನ್ನನ್ನು ಕೈಗೆತ್ತಿಕೊಂಡು, ಕ್ಲಿಪ್ಪನ್ನು ಎರಡು ಸಲ ಹಾಕಿ ತೆಗೆದು, ಹಿತ್ತಿಲಿಗೆ ಹೋದರು. ಸುತ್ತಿಗೆಯ ಸದ್ದು ಕೇಳಿತು. ಹೋಗಿ ನೋಡಿದರೆ ಪಿನ್ನನ್ನು ನೆಲಕ್ಕೆ ಹೊಡೆದು ಮೇಕೆ ಕಟ್ಟಿದ್ದಾರೆ. "ಒಳ್ಳೆ ಗೂಟ ತಂದಿದ್ದೀಯ ಕಣವ್ವ. ಇದು ಕಿತ್ಕಂಡು ಓಗದಿಲ್ಲ ಬುಡು." ಕೋಪದಲ್ಲಿ ಅಂದದ್ದಲ್ಲ. ನಿಜವಾಗಿ ಮೆಚ್ಚಿಯೇ ಅಂದರು. ಅವರ ಲೆಕ್ಕದಲ್ಲಿ ಕೊಂಡಿಗೆ ಆಗಲೇ ಒಂದು ಕಡಾಣಿ ಇದೆ.

ಈಗ ವಿಷಯ ಹೀಗಿದೆ. ಸೋಮವಾರ ಸುವರ್ಣಾವತಿಯಲ್ಲಿ ನಮ್ಮ ಸರದಿ. ಅಂದು ದೋಣಿ ಬಾರದಿದ್ದರೆ ಮೀನುಗಾರರ ಸಂಘದವರು ಸರದಿಯನ್ನು ಬೇರೆಯವರಿಗೆ ಕೊಡುತ್ತಾರೆ. ಆದ್ದರಿಂದ ದೋಣಿ ಹೋಗಲೇಬೇಕು, ನಾನು ತಡೆಯುವ ಹಾಗಿಲ್ಲ. ಸರಪಳಿಯ ಕೊಕ್ಕೆಯನ್ನು ಜೀಪಿಗೆ ಬೆಸೆಯಬೇಕಾದ ವೆಲ್ಡರ್ ಮಗಳ ಬಾಣಂತನವೆಂದು ಸಂತೆಮರಹಳ್ಳಿಗೆ ಹೋಗಿದ್ದಾನೆ, ಬರುವುದು ಬುಧವಾರ. ಎಂದರೆ ಸೋಮವಾರ ಸರಪಳಿ ಇಲ್ಲ, ಕಡಾಣಿ ಒಂದೇ. ರಂಜುವನ್ನು ಶಾಲೆಗೆ ಕಳಿಸುತ್ತೇನೆ ಎಂದೆ. ಆಗದಂತೆ. ಅವಳ ಕೈಯಿಂದ ಒಂದು ಹಿಡಿ ಪುರಿ ನೀರಿಗೆ ಹಾಕಿಸಿದ ಮೇಲೇ ಬಲೆ ಬಿಡುವುದು ಎಂದು ನೀವೇ ಶುರುಮಾಡಿದ ಪದ್ಧತಿ. "ಕೂಸಿಲ್ದೆ ದೋಣಿ ಕದಲದಿಲ್ಲ" ಎಂದರು. ಹಾಗಾದರೆ ಇಬ್ಬರೂ ಜೀಪಿನೊಳಗಾದರೂ ಕೂತುಕೊಳ್ಳಿ ಎಂದೆ. "ಗಾಡಿ ಇರೋನು ಗಾಡೀಲಿ ಕೂತ್ಕಬೇಕು, ಎತ್ತಿನ ಮ್ಯಾಲಲ್ಲ" ಎಂದು ನಕ್ಕರು. ರಾಜಣ್ಣನಿಗೂ ಹೇಳಿ ನೋಡಿದೆ. "ಅಕ್ಕೋ, ನಾನು ಮುಂದೆ ನೋಡ್ಕಂಡು ಓಡುಸ್ತೀನಿ. ಹಿಂದಿನ್ದು ಅವ್ರಪ್ಪನ ಕಡಾಣಿ ನೋಡ್ಕತದೆ. ನಿಮ್ ಮಾವನೋರ ಮಾತಿಗೆ ಎದುರಾಡೋಕೆ ನನ್ ಕೈಲಾಗದಿಲ್ಲ" ಎಂದ. ಹಾಗೆಂದವನು ಜೀಪಿನ ಹಿಂದಕ್ಕೆ ಹೋಗಿ ಕೊಂಡಿಯನ್ನು ಮುಟ್ಟಿ ನೋಡಿದ. ಅವನು ಅಂದು ಕನ್ನಡಿಯಲ್ಲಿ ದೋಣಿ ಪಕ್ಕಕ್ಕೆ ಸರಿದು ಹೋಗುವುದನ್ನು ನೋಡಿದವನು.

ಅದೇ ಇಳಿಜಾರು. ಹೋಗುವಾಗ ಏರು, ಬರುವಾಗ ಇಳಿಜಾರು, ಬರುವಾಗ ದೋಣಿಯಲ್ಲಿ ಮೀನಿನ ಭಾರವೂ ಇರುತ್ತದೆ. ಎರಡು ದಿನದಿಂದ ಒಲೆಯ ಮುಂದೆ ಕೂತರೂ, ಬಟ್ಟೆ ಒಗೆಯುತ್ತಿದ್ದರೂ ನನಗೆ ಕಾಣುವುದು ಆ ದಾರ ಸುತ್ತಿದ ಕಬ್ಬಿಣ ಒಂದೊಂದೇ ಹಳ್ಳಕ್ಕೆ ಮೇಲೆ ಬರುವುದು. ಮಾವನವರು ಮೂರ್ಖರಲ್ಲ, ನಿಮಗೆ ಗೊತ್ತು. ಮಗುವಿಗೆ ಒಂದು ಮುಳ್ಳು ತಾಗಿದರೆ ಊಟ ಬಿಡುವವರು. ಅವರ ಅಪ್ಪ ಆ ಕಡಾಣಿ ನಂಬಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕಾಡಿನ ದಾರಿಯಲ್ಲಿ ಗಾಡಿ ಹೊಡೆದವರು. ಅದನ್ನು ತೆಗೆದು ಮೂಲೆಗಿಡಿ ಎಂದು ನಾನು, ಸೊಸೆ, ಯಾವ ಬಾಯಲ್ಲಿ ಹೇಳಲಿ? ಹೇಳಿಯೂ ಆಯಿತು, ನನ್ನ ಅಳತೆಯಲ್ಲಿ. ಕೇಳಿಸಲಿಲ್ಲ. ನೀವು ಇದ್ದಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು ಎಂದು ಬರೆಯಲು ಹೊರಟೆ. ಅದೂ ನಿಜವಲ್ಲ. ನೀವೂ ಅವರ ಮುಂದೆ ತಲೆ ಕೆರೆದುಕೊಂಡು ನಿಲ್ಲುವವರೇ.

ಊಟ ಬಿಡಬೇಡಿ. ಸಮುದ್ರದಲ್ಲಿ ಎಂಜಿನ್ ಪರೀಕ್ಷೆ ಮಾಡುವ ದಿನ ದಂಡೆಯಲ್ಲೇ ನಿಂತು ಕಲಿಯಲು ಆಗುವುದಿದ್ದರೆ ಹಾಗೇ ಮಾಡಿ. ಮಾವನವರು ಆಶೀರ್ವಾದ ಬರೆ ಅಂದಿದ್ದಾರೆ, ಬರೆದಿದ್ದೇನೆ. ರಂಜು ಮುತ್ತು ಕಳಿಸಿದ್ದಾಳೆ. ಹಬ್ಬಕ್ಕೆ ದಾರಿ ನೋಡುತ್ತಿರುತ್ತೇವೆ.

ಇಂತಿ ನಿಮ್ಮ,
ಶಾಂತಮಲ್ಲಮ್ಮ

ಮರೆತ ಮಾತು: ಪೋಸ್ಟಾಫೀಸು ಮುಚ್ಚುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಈ ಕಾಗದದ ಜೊತೆ ಬಟ್ಟೆಯಲ್ಲಿ ಹೊಲಿದ ಪಾರ್ಸೆಲ್ ಇದೆ. ಮೇಲೆ ಹುರಿಗಾಳು, ಅದರ ಕೆಳಗೆ ರಂಜುವಿನ ಹಳೇ ಲಂಗದಲ್ಲಿ ಸುತ್ತಿರುವುದು ಕಡಾಣಿ. ಅರಿಶಿನದ ದಾರ ಬಿಚ್ಚಿಲ್ಲ. ಈ ಮನೆಗೆ ಬಂದ ಮೇಲೆ ಮಾವನವರನ್ನು ಕೇಳದೆ ನಾನು ತೆಗೆದ ಮೊದಲ ವಸ್ತು ಇದು. ವಾಪಸು ಕಳಿಸಬೇಡಿ. ಆಯುಧಪೂಜೆಗೆ ಬರುವಾಗ ನೀವೇ ತಂದು ಗೂಡಿನಲ್ಲಿಡಿ, ಪೂಜೆಗೆ ಮಾತ್ರ. ನನ್ನ ಪರವಾಗಿ ಸುಳ್ಳು ಬರೆಯುವುದೂ ಬೇಡ. ಸೋಮವಾರ ಅವರು ಮಗುವಿನ ಜೊತೆ ಮನೆಗೆ ಬಂದು ಕೈಕಾಲು ತೊಳೆದ ಮೇಲೆ ನಾನೇ ಹೇಳುತ್ತೇನೆ. ನೀವು ಇದನ್ನು ಓದುವ ಹೊತ್ತಿಗೆ ಆ ಮಾತು ಮುಗಿದಿರುತ್ತದೆ, ಬೈಗುಳವೂ. ಹೊಸ ಪಿನ್ನನ್ನು ಈಗ ತಾನೇ ಕಿತ್ತು, ಮಣ್ಣು ತೊಳೆದು, ಕ್ಲಿಪ್ಪಿನ ಸಮೇತ ರಾಜಣ್ಣನ ಕೈಗೆ ಕೊಟ್ಟೆ. ಸೋಮವಾರ ಕೊಂಡಿಗೆ ಇಳಿಸಲು ಎಂದೆ, ಜೇಬಿಗೆ ಹಾಕಿಕೊಂಡ. ಮಾವನವರು ಕೂಗುತ್ತಿದ್ದಾರೆ. ಮೇಕೆ ಬಿಚ್ಚಿಕೊಂಡು ಪಕ್ಕದವರ ಅವರೆ ಬಳ್ಳಿಗೆ ಬಾಯಿ ಹಾಕಿದೆಯಂತೆ, ಗೂಟ ಎಲ್ಲೂ ಕಾಣುತ್ತಿಲ್ಲವಂತೆ.