ಕಾದ ಮೇಲೆ ಹಿಡಿದ ಬ್ರೇಕು

ಜನವರಿ ೧೭, ಶನಿವಾರ

ಭಾವನಿಗೆ ಇವತ್ತೂ ಪ್ರಜ್ಞೆ ಬರಲಿಲ್ಲ.

ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಇಲ್ಲದ ಹಳೆಯ ಸ್ಪೋರ್ಟ್ಸ್ ಕಾರು ಅವರದು. ಮುಂದಿನ ಚಕ್ರಗಳಿಗೆ ಸೆರಾಮಿಕ್ ಬ್ರೇಕ್ ಡಿಸ್ಕ್ ಹಾಕು, ಹಿಂದೆ ಹಳೆಯ ಕಬ್ಬಿಣದ್ದೇ ಇರಲಿ ಎಂದು ಹಟ ಹಿಡಿದವರು ಅವರೇ. ಬೇಡ ಎನ್ನಬೇಕಿತ್ತು. ಹಾಕಿಕೊಟ್ಟೆ. ಕೊಡುವ ಮುನ್ನ ಎಂದಿನಂತೆ ಹತ್ತು ಸಲ ಜೋರಾಗಿ ಬ್ರೇಕ್ ಒತ್ತಿ ನೋಡಿದೆ. ಗೆರೆ ಎಳೆದ ಹಾಗೆ ನೇರವಾಗಿ ನಿಂತಿತು. ನಿಲ್ಲದೆ ಏನು, ಅಷ್ಟು ಹೊತ್ತಿಗೆ ಡಿಸ್ಕ್ ಕಾದಿತ್ತಲ್ಲ! ತಣ್ಣಗಿದ್ದಾಗ ಸೆರಾಮಿಕ್ ಹಿಡಿಯಲು ಸತಾಯಿಸುತ್ತದೆ, ಕಬ್ಬಿಣ ತಕ್ಷಣ ಕಚ್ಚುತ್ತದೆ. ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದವನಿಗೆ ಇದು ಹೊಳೆಯಲಿಲ್ಲ.

ಮೊನ್ನೆ ಕೊರೆಯುವ ಚಳಿಯಲ್ಲಿ ಹೊರಟವರು ಮೊದಲ ತಿರುವಿನಲ್ಲೇ ಗಿರ್ರನೆ ತಿರುಗಿ ಗೋಡೆಗೆ ಬಡಿದಿದ್ದಾರೆ. ಇವತ್ತು ಹೋಗಿ ನೋಡಿದೆ. ರಸ್ತೆಯ ಮೇಲೆ ಹಿಂದಿನ ಚಕ್ರಗಳ ಎರಡು ಕಪ್ಪು ಗೆರೆ. ಮುಂದಿನವುಗಳ ಗುರುತೇ ಇಲ್ಲ. ಹಿಂದಿನ ಚಕ್ರ ಮಾತ್ರ ಕಚ್ಚಿ ನಿಂತರೆ ಕಾರು ಬುಗುರಿಯಂತೆ ತಿರುಗದೆ ಇನ್ನೇನು.

ಆಸ್ಪತ್ರೆಯಲ್ಲಿ ಅಕ್ಕ ನನ್ನ ಕೈ ಬಿಡಲಿಲ್ಲ. "ನೀನೇ ನೋಡಿ ಕೊಟ್ಟಿದ್ದಲ್ವೇನೋ, ಬ್ರೇಕ್ ಸರಿಯಾಗೇ ಇರುತ್ತೆ. ಇವ್ರೇ ಹುಚ್ಚುಚ್ಚಾಗಿ ಓಡ್ಸಿರ್ತಾರೆ. ಎದ್ದು ಬರ್ಲಿ, ಮಾಡ್ತೀನಿ ಇವ್ರಿಗೆ" ಎಂದಳು.

ಹೂಂ ಎಂದುಬಿಟ್ಟೆ.

ಭಾವ ಏಳಲಿ ಎಂದು ಬೇಡಿಕೊಳ್ಳಲು ಕಣ್ಣು ಮುಚ್ಚಿದರೆ, ಎದ್ದು ಅಕ್ಕನಿಗೆ ಬ್ರೇಕ್ ಬಗ್ಗೆ ಏನು ಹೇಳುತ್ತಾರೋ ಎಂಬ ಭಯವೇ ಮೊದಲು ಬರುತ್ತದೆ. ಥೂ, ನಾನು ಎಂಥವನು!